ಪ್ರನಾಳ ಶಿಶು ಯಾರ ವಂಶದ ಕುಡಿ?

1978ರ ಜುಲೈ 25ರಂದು ಇಂಗ್ಲೆಂಡಿನ ಓಲ್ಡ್‌ಹ್ಯಾಮ್‌ನಲ್ಲಿ ಜಗತ್ತಿನ ಮೊದಲ ಪ್ರನಾಳ ಶಿಶು ಹುಟ್ಟಿದಾಗ ಮಕ್ಕಳಿಲ್ಲದ ದಂಪತಿಗಳಲ್ಲಿ ಆಸೆ ಚಿಗುರಿತು. ಮುಸ್ಲಿಂ ಧರ್ಮಶಾಸ್ತ್ರಜ್ಞರ ಮುಂದೆ ಹಳೆಯ ಪ್ರಶ್ನೆಯೊಂದು ಹೊಸ ರೂಪದಲ್ಲಿ ಬಂದು ನಿಂತಿತು: ಹೀಗೆ ಹುಟ್ಟಿದ ಮಗು ಯಾರ ವಂಶಕ್ಕೆ ಸೇರಿದ್ದು?

ವಂಶ ಸಂಬಂಧಕ್ಕೆ ಅರಬ್ಬಿಯಲ್ಲಿ 'ನಸಬ್' ಎನ್ನುತ್ತಾರೆ. ಷರೀಅತ್‌ನಲ್ಲಿ ಇದು ಬರಿಯ ಹೆಸರಿನ ವಿಷಯವಲ್ಲ. ಆಸ್ತಿಯಲ್ಲಿ ಯಾರಿಗೆ ಎಷ್ಟು ಪಾಲು, ಮಗುವನ್ನು ಸಾಕುವ ಹೊಣೆ ಯಾರದು, ಯಾರು ಯಾರನ್ನು ಮದುವೆಯಾಗಬಾರದು ಎಂಬುದನ್ನೆಲ್ಲ ತೀರ್ಮಾನಿಸುವಲ್ಲಿ ಇದರ ಪಾತ್ರ ದೊಡ್ಡದು. ವಿಧವೆ ನಾಲ್ಕು ತಿಂಗಳು ಹತ್ತು ದಿನ ಕಳೆಯದೆ ಮರುಮದುವೆಯಾಗುವಂತಿಲ್ಲ. ಈ 'ಇದ್ದತ್' ನಿಯಮದ ಒಂದು ಉದ್ದೇಶ, ಹುಟ್ಟುವ ಮಗುವಿನ ತಂದೆ ಯಾರೆಂಬ ಗೊಂದಲ ಉಳಿಯದಿರಲಿ ಎಂಬುದೇ. ಪ್ರವಾದಿ ಮುಹಮ್ಮದರು ಸಾಕಿದ ಝೈದ್‌ರನ್ನು ಜನ ಮುಹಮ್ಮದರ ಮಗನೆಂದೇ ಕರೆಯುತ್ತಿದ್ದರು. ಸಾಕುಮಕ್ಕಳನ್ನು ಜನ್ಮ ಕೊಟ್ಟ ತಂದೆಯ ಹೆಸರಿನಿಂದಲೇ ಕರೆಯಬೇಕೆಂದು ಕುರ್‌ಆನ್ ವಿಧಿಸಿದ ಮೇಲೆ ಅವರು ಮತ್ತೆ ಹಾರಿಸರ ಮಗ ಝೈದ್ ಆದರು.

ಈಜಿಪ್ಟಿನ ಮುಖ್ಯ ಮುಫ್ತಿಯಾಗಿದ್ದ ಶೇಖ್ ಜಾದ್ ಅಲ್ ಹಕ್ 1980ರಲ್ಲಿ ನೀಡಿದ ಫತ್ವಾ ನಿಂತಿರುವುದು ಈ ನೆಲೆಯ ಮೇಲೆ. ಗಂಡನ ವೀರ್ಯಾಣು, ಹೆಂಡತಿಯ ಅಂಡಾಣು, ಆಕೆಯದೇ ಗರ್ಭಕೋಶ ಇಷ್ಟಿದ್ದರೆ ಪ್ರಯೋಗಾಲಯದ ನೆರವು ತಪ್ಪಲ್ಲ. ಆದರೆ ದಾಂಪತ್ಯದ ನಡುವೆ ಮೂರನೆಯವರು ಬರಕೂಡದು. ಹೀಗಾಗಿ ಸುನ್ನಿ ವಿದ್ವಾಂಸರಲ್ಲಿ ಬಹುತೇಕರ ಪ್ರಕಾರ ದಾನಿಯ ವೀರ್ಯ, ದಾನಿಯ ಅಂಡಾಣು, ಬಾಡಿಗೆ ತಾಯಿ ಎಲ್ಲವೂ ನಿಷಿದ್ಧ. ಸಾವಿನೊಂದಿಗೆ ಮದುವೆಯೂ ಮುಗಿಯುವುದರಿಂದ, ಗಂಡ ತೀರಿಕೊಂಡ ಮೇಲೆ ಶೈತ್ಯದಲ್ಲಿಟ್ಟ ಭ್ರೂಣವನ್ನೂ ಬಳಸುವಂತಿಲ್ಲ.

ಹಾಗಾದರೆ ಒಬ್ಬನೇ ಗಂಡನ ಇಬ್ಬರು ಹೆಂಡಿರಲ್ಲಿ ಒಬ್ಬಳ ಅಂಡಾಣುವನ್ನು ಇನ್ನೊಬ್ಬಳು ಹೊರಬಹುದೆ? ಮೆಕ್ಕಾದ ಇಸ್ಲಾಮಿಕ್ ಫಿಕ್ಹ್ ಮಂಡಳಿ 1984ರಲ್ಲಿ ಇದಕ್ಕೆ ಒಪ್ಪಿತು, 1985ರಲ್ಲಿ ಹಿಂತೆಗೆದುಕೊಂಡಿತು. ಅದೇ ವೇಳೆಗೆ ಎರಡನೆಯಾಕೆ ತಾನೂ ಬಸಿರಾದರೆ ಯಾವ ಮಗು ಯಾರದೆಂದು ಹೇಳುವುದು ಹೇಗೆ ಎಂಬ ತೊಡಕು ಎದುರಾಗಿತ್ತು.

ಷಿಯಾ ಪ್ರಧಾನವಾದ ಇರಾನಿನಲ್ಲಿ ದಾರಿ ಬೇರೆಯಾಯಿತು. ಅಯಾತೊಲ್ಲಾ ಅಲಿ ಖಮೇನಿ 1999ರಲ್ಲಿ ದಾನಿಯ ನೆರವು ಪಡೆಯಲು ಅವಕಾಶವಿತ್ತರು. ಆದರೆ ನಸಬ್ ಅನ್ನು ಕೈಬಿಡಲಿಲ್ಲ: ಮಗು ಸಾಕಿದ ತಂದೆಯ ಹೆಸರು ಹೊತ್ತರೂ ವಾರಸು ಹಕ್ಕು ದಾನಿಯ ಕಡೆಯಿಂದಲೇ. 2003ರಲ್ಲಿ ಅಲ್ಲಿ ಭ್ರೂಣದಾನಕ್ಕೆ ಕಾನೂನೂ ಬಂತು. ಷಿಯಾ ವಿದ್ವಾಂಸರೆಲ್ಲರೂ ಇದನ್ನು ಒಪ್ಪಿಲ್ಲ.

ಸ್ವಂತ ಅಂಡಾಣುವಾಗಲಿ ವೀರ್ಯಾಣುವಾಗಲಿ ಇಲ್ಲದ ದಂಪತಿಗೆ ಈ ಕಟ್ಟಳೆ ನಿಷ್ಠುರವೆನಿಸುವುದು ಸಹಜ. ಶಾಸ್ತ್ರಜ್ಞರಾದರೋ ಇನ್ನೂ ಹುಟ್ಟದ ಮಗುವಿನ ಪರವಾಗಿ ಕೇಳುತ್ತಾರೆ: ಒಬ್ಬನೇ ಅನಾಮಿಕ ದಾನಿಯ ಮಕ್ಕಳು ನಾಳೆ ಅರಿಯದೆ ಪರಸ್ಪರ ಮದುವೆಯಾದರೆ? ಈ ಕಳವಳ ಒಂದೇ ಧರ್ಮದ್ದಲ್ಲ. ಮೊದಲ ಪ್ರನಾಳ ಶಿಶುವನ್ನು ಕಂಡ ಬ್ರಿಟನ್ನೇ 2005ರಲ್ಲಿ ಹೊಸ ದಾನಿಗಳ ಅನಾಮಿಕತೆಯನ್ನು ರದ್ದು ಮಾಡಿತು. ಆ ಬಳಿಕ ನೋಂದಾಯಿಸಿದ ದಾನಿಯಿಂದ ಹುಟ್ಟಿದ ಮಗು 18 ತುಂಬಿದ ಮೇಲೆ ಆತ ಅಥವಾ ಆಕೆ ಯಾರೆಂದು ಕೇಳಿ ತಿಳಿಯಬಹುದು.