ಹಿರಿಯರೇ, ಹೆಪಟೈಟಿಸ್ ಸಿ ಪರೀಕ್ಷೆ ಒಮ್ಮೆ ಮಾಡಿಸಿಕೊಳ್ಳಿ

"ನನಗೇನಾಗಿದೆ? ಗಟ್ಟಿಯಾಗೇ ಇದ್ದೀನಲ್ಲ!" ರಕ್ತ ಪರೀಕ್ಷೆಯ ಮಾತೆತ್ತಿದರೆ ಹಿರಿಯರಿಂದ ನಾವು ಕೇಳುವ ಉತ್ತರವಿದು. ಆದರೆ ಹೆಪಟೈಟಿಸ್ ಸಿ ಎಂಬ ಲಿವರ್ ಸೋಂಕು ಗಟ್ಟಿಯಾಗಿರುವವರ ಮೈಯಲ್ಲೂ ಇಪ್ಪತ್ತು-ಮೂವತ್ತು ವರ್ಷ ಸದ್ದಿಲ್ಲದೆ ಇರಬಲ್ಲದು. ಕಾಮಾಲೆಯಾಗಿ, ಹೊಟ್ಟೆಯಲ್ಲಿ ನೀರು ತುಂಬುವ ಹೊತ್ತಿಗೆ ಲಿವರ್ ಬಹಳಷ್ಟು ಹಾಳಾಗಿರುತ್ತದೆ. ಕೆಲವರಿಗೆ ಕ್ಯಾನ್ಸರ್ ಕೂಡ ಬರುತ್ತದೆ.

ಹಿರಿಯರಿಗೇ ಏಕೆ ಈ ಮಾತು?

ಈ ವೈರಸ್ ಪತ್ತೆಯಾದದ್ದು 1989ರಲ್ಲಿ. ನಮ್ಮ ದೇಶದಲ್ಲಿ ದಾನದ ರಕ್ತಕ್ಕೆ ಇದರ ಪರೀಕ್ಷೆ ಕಡ್ಡಾಯವಾದದ್ದು 2000ದ ನಂತರ. ಅದಕ್ಕೆ ಮುಂಚೆ ಹೆರಿಗೆಯಲ್ಲೋ ಆಪರೇಷನ್ನಿನಲ್ಲೋ ನಿಮಗೆ ರಕ್ತ ಕೊಟ್ಟಿದ್ದರಾ? ಒಂದೇ ಸೂಜಿಯಲ್ಲಿ ಹಲವರಿಗೆ ಚುಚ್ಚುತ್ತಿದ್ದ ಕಡೆ ಇಂಜೆಕ್ಷನ್ ತಗೊಂಡಿದ್ದಿರಾ? ಜಾತ್ರೆಯಲ್ಲಿ ಹಚ್ಚೆ ಹಾಕಿಸಿಕೊಂಡಿದ್ದೀರಾ? ಡಯಾಲಿಸಿಸ್ ನಡೆಯುತ್ತಿದೆಯಾ? ಒಂದಕ್ಕಾದರೂ "ಹೌದು" ಎಂದರೆ ಪರೀಕ್ಷೆ ಮಾಡಿಸಿ.

ಪರೀಕ್ಷೆ, ಚಿಕಿತ್ಸೆ

ಮೊದಲ ಪರೀಕ್ಷೆಯಲ್ಲಿ "ಪಾಸಿಟಿವ್" ಬಂದರೆ ಗಾಬರಿ ಬೇಡ. ಸೋಂಕು ಎಂದೋ ತಗುಲಿ ತಾನಾಗಿ ಹೋಗಿದ್ದರೂ ಹಾಗೆ ಬರುತ್ತದೆ. ವೈರಸ್ ಈಗಲೂ ಇದೆಯೇ ಎಂದು ಹೇಳುವುದು ಎರಡನೆಯ ಪರೀಕ್ಷೆ. ಅದನ್ನು ಅರ್ಧಕ್ಕೆ ಬಿಡಬೇಡಿ. ವೈರಸ್ ಇದ್ದರೆ ಸಾಮಾನ್ಯವಾಗಿ 12 ವಾರ ಮಾತ್ರೆ ನುಂಗಬೇಕು. ಲಿವರ್ ತೀರಾ ಹಾಳಾಗಿದ್ದರೆ ಇನ್ನೂ ಹೆಚ್ಚು ದಿನ. ನೂರರಲ್ಲಿ 95ಕ್ಕೂ ಹೆಚ್ಚು ಜನ ಗುಣವಾಗುತ್ತಾರೆ. 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಗುರುತಿಸಿದ ಸರಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆಯೂ ಔಷಧಿಯೂ ಉಚಿತ. ಬಿ.ಪಿ., ಹೃದಯ, ಫಿಟ್ಸ್‌ಗೆ ಮಾತ್ರೆ ತಗೊಳ್ತಿದ್ದರೆ ಅದರ ಚೀಟಿಯನ್ನು ವೈದ್ಯರಿಗೆ ತಪ್ಪದೆ ತೋರಿಸಿ.

ಮನೆಯವರಲ್ಲಿ ಒಂದು ಮಾತು

ಅಜ್ಜಿಯ ತಟ್ಟೆ-ಲೋಟ ಬೇರೆ ಇಡಬೇಡಿ. ಜೊತೆಯಲ್ಲಿ ಉಂಡರೆ, ಮೊಮ್ಮಕ್ಕಳನ್ನು ಎತ್ತಿ ಮುದ್ದಾಡಿದರೆ ಇದು ಹರಡುವುದಿಲ್ಲ. ಹರಡುವುದು ರಕ್ತದಿಂದ. ಆದ್ದರಿಂದ ಬ್ಲೇಡು, ಹಲ್ಲುಜ್ಜುವ ಬ್ರಷ್, ಸಕ್ಕರೆ ಕಾಯಿಲೆಯ ಸೂಜಿ ಒಬ್ಬೊಬ್ಬರದು ಬೇರೆ ಇರಲಿ. ಕ್ಷೌರಕ್ಕೆ ಹೊಸ ಬ್ಲೇಡು, ಇಂಜೆಕ್ಷನ್ನಿಗೆ ಹೊಸ ಸಿರಿಂಜು ಕೇಳಿ ಪಡೆಯಿರಿ. ಈ ರೋಗಕ್ಕೆ ಲಸಿಕೆಯಿಲ್ಲ. ಒಮ್ಮೆ ಗುಣವಾದವರಿಗೂ ಮತ್ತೆ ತಗುಲಬಹುದು.

ಕಾಯಿಲೆ ಬಂದದ್ದು ಯಾರ ತಪ್ಪಿನಿಂದಲೂ ಅಲ್ಲ ಎಂದು ಹಿರಿಯರಿಗೆ ಧೈರ್ಯ ಹೇಳಿ. ಆಸ್ಪತ್ರೆಗೆ ಒಬ್ಬರನ್ನೇ ಕಳಿಸಬೇಡಿ, ಜೊತೆಗೆ ಹೋಗಿ.