ಏರ್ ರೈಫಲ್: ದುಡ್ಡು ಮೊದಲು ಎಲ್ಲಿ ಹಾಕಬೇಕು?

ಮಗನನ್ನೋ ಮಗಳನ್ನೋ ಕರೆದುಕೊಂಡು ಶೂಟಿಂಗ್ ರೇಂಜಿಗೆ ಬರುವ ತಂದೆತಾಯಿಯ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ: 'ರೈಫಲ್‌ಗೆ ಎಷ್ಟಾಗುತ್ತೆ ಸರ್?' ಜರ್ಮನಿಯ ವಾಲ್ಥರ್, ಫೈನ್‌ವರ್ಕ್‌ಬೌ, ಆನ್‌ಶುಟ್ಜ್ ಕಂಪನಿಗಳ ಹೊಸ ಸ್ಪರ್ಧಾ ರೈಫಲ್ ನಮ್ಮ ಕೈಸೇರುವಷ್ಟರಲ್ಲಿ ಸಾಮಾನ್ಯವಾಗಿ ಎರಡು ಲಕ್ಷ ದಾಟಿರುತ್ತದೆ. ಮೇಲಿನ ದರ್ಜೆಯದಾದರೆ ಮೂರು ಲಕ್ಷ, ಅದಕ್ಕೂ ಹೆಚ್ಚು. ಈ ಅಂಕಿ ಕಿವಿಗೆ ಬಿದ್ದೊಡನೆ ಮುಖ ಸಪ್ಪೆ ಮಾಡಿಕೊಂಡು ಹೊರಟುಹೋದವರು ಬಹಳ ಜನ. ಅವರಿಗೆ ಹೇಳಬೇಕಾದ ಮಾತು ಒಂದಿದೆ: ಮೊದಲ ವರ್ಷ ರೈಫಲ್ ಕೊಳ್ಳಲೇಬೇಡಿ. ದುಡ್ಡಿದ್ದರೂ ಬೇಡ.

ಏಕೆಂದು ತಿಳಿಯಲು ಗುರಿಯನ್ನು ಹತ್ತಿರದಿಂದ ನೋಡಬೇಕು. ಹತ್ತು ಮೀಟರ್ ದೂರದಲ್ಲಿರುವ ಟಾರ್ಗೆಟ್‌ನ ಒಟ್ಟು ಅಗಲ 45.5 ಮಿ.ಮೀ., ಅದರ ಕಪ್ಪು ಭಾಗ 30.5 ಮಿ.ಮೀ. ನಟ್ಟನಡುವಿನ ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ಪೆಲೆಟ್‌ನ ವ್ಯಾಸ 4.5 ಮಿ.ಮೀ. ಇರುವುದರಿಂದ ಅದರ ಅಂಚು ಚುಕ್ಕೆಗೆ ತಾಗಿದರೂ ಹತ್ತು ಸಿಗುತ್ತದೆ. ಅಂದರೆ ಪೆಲೆಟ್‌ನ ಮಧ್ಯಬಿಂದು ಚುಕ್ಕೆಯ ಮಧ್ಯದಿಂದ 2.5 ಮಿ.ಮೀ. ಒಳಗೆ ಬಿದ್ದರೆ ಸಾಕು. ಅಲ್ಲಿಂದ ಒಳಕ್ಕೆ ಪ್ರತಿ ಕಾಲು ಮಿಲಿಮೀಟರ್‌ಗೆ ಒಂದು ದಶಮಾಂಶ ಏರುತ್ತಾ ಹೋಗಿ 10.9ಕ್ಕೆ ಮುಗಿಯುತ್ತದೆ. ಸ್ಪರ್ಧೆಯಲ್ಲಿ 75 ನಿಮಿಷದೊಳಗೆ 60 ಗುಂಡು ಹೊಡೆಯಬೇಕು, ಗರಿಷ್ಠ ಅಂಕ 654.

ಸ್ಪರ್ಧೆಗೆಂದೇ ತಯಾರಾದ ಯಾವ ರೈಫಲನ್ನಾದರೂ, ಹದಿನೈದು ವರ್ಷ ಹಳೆಯದಾದರೂ ಸರಿ, ಸುಸ್ಥಿತಿಯಲ್ಲಿದ್ದರೆ, ಕಬ್ಬಿಣದ ಹಿಡಿಕೆಗೆ ಬಿಗಿದು ಹತ್ತು ಗುಂಡು ಹೊಡೆದು ನೋಡಿ. ಹತ್ತೂ ಒಂದೇ ತೂತಿನೊಳಗೆ ಹೋದಂತೆ ಕಾಣುತ್ತದೆ. ಅದೇ ರೈಫಲ್ ಹೊಸಬರ ಹೆಗಲಿಗೆ ಬಂದಾಗ ಮುಂದಿನ ಸೈಟಿನ ಉಂಗುರ ಆ ಕಪ್ಪು ವೃತ್ತದ ಉದ್ದಗಲಕ್ಕೂ ಅಲೆದಾಡುತ್ತದೆ. ಉಸಿರು, ಎದೆಬಡಿತ, ಮೊಣಕಾಲಿನ ನಡುಕ, ಟ್ರಿಗರ್ ಎಳೆಯುವ ಬೆರಳಿನ ಅವಸರ ಎಲ್ಲವೂ ಅಲ್ಲಿ ಕಾಣಿಸಿಕೊಳ್ಳುತ್ತವೆ. ಮೂರು ಲಕ್ಷದ ರೈಫಲ್ ಈ ಅಲೆದಾಟವನ್ನು ಒಂದು ಮಿಲಿಮೀಟರ್ ಕೂಡ ತಗ್ಗಿಸುವುದಿಲ್ಲ. ತಗ್ಗಿಸುವುದು ನಿಲುವು, ಅಭ್ಯಾಸ, ಹಿಂದೆ ನಿಂತು ತಿದ್ದುವ ಕೋಚ್. ಆದ್ದರಿಂದ ಮೊದಲ ದುಡ್ಡು ರೇಂಜಿನ ಶುಲ್ಕಕ್ಕೆ, ತರಬೇತಿಗೆ ಹೋಗಲಿ.

ಕ್ಲಬ್ ಸೇರುವ ಮುನ್ನ ಕೆಲವನ್ನು ಬಾಯಿಬಿಟ್ಟು ಕೇಳಿ. ಕ್ಲಬ್ಬಿನ ಸ್ವಂತ ರೈಫಲ್ ಎಷ್ಟಿವೆ, ಒಂದಕ್ಕೆ ಎಷ್ಟು ಮಕ್ಕಳು? ಪೆಲೆಟ್ ಶುಲ್ಕದಲ್ಲೇ ಸೇರಿದೆಯೇ? ಎಲ್ಲಕ್ಕಿಂತ ಮುಖ್ಯವಾಗಿ, ಮಗುವಿನ ಮೈಕಟ್ಟಿಗೆ ರೈಫಲನ್ನು ಹೊಂದಿಸಿ ಕೊಡುತ್ತಾರೆಯೇ? ಹೆಗಲಿಗೆ ಆನಿಸುವ ಬಟ್ ಪ್ಲೇಟ್, ಕೆನ್ನೆ ಊರುವ ಚೀಕ್ ಪೀಸ್ ಎರಡನ್ನೂ ಮೇಲೆ ಕೆಳಗೆ, ಹಿಂದೆ ಮುಂದೆ ಸರಿಸಬಹುದು. ಹಲವು ರೈಫಲ್‌ಗಳಲ್ಲಿ ಅದಕ್ಕೆಂದೇ ಸಣ್ಣ ಗೆರೆಗಳಿರುತ್ತವೆ. ಒಳ್ಳೆಯ ಕೋಚ್ ಪ್ರತಿ ಮಗುವಿನ ಪುಸ್ತಕದಲ್ಲೂ ಆ ಅಳತೆ ಬರೆಸಿರುತ್ತಾರೆ: ಬಟ್ ಪ್ಲೇಟ್ ಇಷ್ಟನೇ ಗೆರೆ, ಚೀಕ್ ಪೀಸ್ ಇಷ್ಟು, ಸೈಟಿನ ಕ್ಲಿಕ್ ಇಷ್ಟು. ಒಬ್ಬಳು ಇಳಿಸಿಟ್ಟ ರೈಫಲನ್ನು ಇನ್ನೊಬ್ಬ ಎತ್ತಿಕೊಂಡು ಅಲೆನ್ ಕೀ ತಿರುಗಿಸಿ ಎರಡೇ ನಿಮಿಷದಲ್ಲಿ ತನ್ನದಾಗಿಸಿಕೊಳ್ಳುತ್ತಾನೆ. ಈ ಪುಸ್ತಕ ಇಲ್ಲದ ಕಡೆ ಮಕ್ಕಳು ಪರರ ಅಳತೆಯ ರೈಫಲ್ ಹಿಡಿದು ಕತ್ತು ಸೊಟ್ಟ ಮಾಡಿಕೊಂಡು ನಿಲ್ಲುತ್ತಾರೆ. ತಿಂಗಳಾದರೂ ಅಂಕ ಏರದಿದ್ದಾಗ 'ನನಗೆ ಒಳ್ಳೆ ರೈಫಲ್ ಇಲ್ಲ' ಅನ್ನುತ್ತಾರೆ. ಎಷ್ಟೋ ಮನೆಗಳಲ್ಲಿ ಸಾಲ ಸೋಲ ಶುರುವಾಗುವುದು ಈ ಮಾತಿನಿಂದಲೇ.

ರೈಫಲ್‌ಗಿಂತ ಮೊದಲು ಸ್ವಂತದ್ದಾಗಬೇಕಾದದ್ದು ಮೈಮೇಲಿನ ಸಾಮಾನು. ದಪ್ಪ ಕ್ಯಾನ್ವಾಸಿನ ಶೂಟಿಂಗ್ ಜಾಕೆಟ್, ಪ್ಯಾಂಟು ಮತ್ತು ಚಪ್ಪಟೆ ತಳದ ಶೂ ಬೆನ್ನಿಗೂ ಸೊಂಟಕ್ಕೂ ಆಸರೆ ಕೊಡುತ್ತವೆ. ನಾಲ್ಕೂವರೆ, ಐದು ಕೆ.ಜಿ. ತೂಕವನ್ನು ಒಂದು ಗಂಟೆಗೂ ಹೆಚ್ಚು ಕಾಲ ಹೊತ್ತು ನಿಲ್ಲುವ ಎಳೆಯ ಬೆನ್ನಿಗೆ ಇದು ಶೋಕಿಯಲ್ಲ, ರಕ್ಷಣೆ. ಆದರೂ ಮೊದಲ ಮೂರ್ನಾಲ್ಕು ತಿಂಗಳು ಕ್ಲಬ್ಬಿನ ಜಾಕೆಟ್‌ನಲ್ಲೇ ನಡೆಯಲಿ. ಆಮೇಲೆ ಕೊಳ್ಳುವಾಗ ನಮ್ಮ ದೇಶದಲ್ಲೇ ಅಳತೆ ಕೊಟ್ಟು ಹೊಲಿಸುವುದು ಅಗ್ಗ, ಆಮದಿನ ಮುಂದೆ ಬಹಳ ಕಡಿಮೆ ಬೆಲೆಗೆ ಸಿಗುತ್ತದೆ. ಬಟ್ಟೆಯ ದಪ್ಪ 2.5 ಮಿ.ಮೀ. ಮೀರಬಾರದು ಎಂಬ ಅಂತರರಾಷ್ಟ್ರೀಯ ನಿಯಮವಿದೆ. ಜಾಕೆಟ್ ಮೈಗೆ ಬಿಗಿದಿರಲೂ ಬಾರದು, ಗುಂಡಿ ಹಾಕಿದ ಜಾಗ ದಾಟಿ ಇನ್ನೂ 70 ಮಿ.ಮೀ. ಎಳೆಯುವಷ್ಟು ಸಡಿಲ ಇರಬೇಕು. ಬೆಳೆಯುವ ಮಕ್ಕಳ ವಿಷಯದಲ್ಲಿ ಇದನ್ನು ಮರೆತರೆ ಸ್ಪರ್ಧೆಯ ದಿನ ತಪಾಸಣೆಯ ಮೇಜಿನ ಬಳಿ ಅಳು ಗ್ಯಾರಂಟಿ. ಗುರಿಯಿಡದ ಕಣ್ಣಿಗೆ ಮರೆಮಾಡುವ ಪಟ್ಟಿಗೆ ದುಡ್ಡು ಕೊಡಬೇಕಿಲ್ಲ. ಮೊಸರಿನ ಡಬ್ಬದ ಬಿಳಿ ಮುಚ್ಚಳವನ್ನು 30 ಮಿ.ಮೀ. ಮೀರದಂತೆ ಕತ್ತರಿಸಿ ಟೋಪಿಯ ಅಂಚಿಗೆ ಅಂಟಿಸಿದರೆ ಆಯಿತು.

ಸದ್ದಿಲ್ಲದೆ ಜೇಬು ಖಾಲಿ ಮಾಡುವುದು ಪೆಲೆಟ್. ಒಂದು ಡಬ್ಬದಲ್ಲಿ 500 ಇರುತ್ತವೆ. ದಿನಕ್ಕೆ ನೂರರಂತೆ ವಾರಕ್ಕೆ ಐದು ದಿನ ಹೊಡೆದರೆ ವಾರಕ್ಕೊಂದು ಡಬ್ಬ, ವರ್ಷಕ್ಕೆ ಐವತ್ತು. ಡಬ್ಬಕ್ಕೆ ಸಾವಿರ ರೂಪಾಯಿ ಅಂತ ಹಿಡಿದರೂ ಐವತ್ತು ಸಾವಿರ. ಇದನ್ನು ಅರ್ಧಕ್ಕೆ ಇಳಿಸುವ ದಾರಿ ಡ್ರೈ ಪ್ರಾಕ್ಟೀಸ್, ಅಂದರೆ ಪೆಲೆಟ್ ಹಾಕದೆ, ಗುರಿ ಹಿಡಿದು ಟ್ರಿಗರ್ ಎಳೆಯುವುದು. ಸ್ಪರ್ಧಾ ರೈಫಲ್‌ಗಳಲ್ಲಿ ಅದಕ್ಕೆಂದೇ ವ್ಯವಸ್ಥೆ ಇರುತ್ತದೆ. ಇದು ಬಡವರ ಬದಲಿ ಅಂತ ಯಾರೂ ತಿಳಿಯಬೇಡಿ, ದೊಡ್ಡ ದೊಡ್ಡ ಶೂಟರ್‌ಗಳೂ ದಿನಾ ಮಾಡುತ್ತಾರೆ. ತೂತು ಎಲ್ಲಿ ಬಿತ್ತು ಎಂಬ ಚಿಂತೆ ಇಲ್ಲದಾಗ ಟ್ರಿಗರ್ ಬಿಟ್ಟ ಕ್ಷಣದಲ್ಲಿ ಸೈಟ್ ಎಲ್ಲಿತ್ತು ಎನ್ನುವುದು ಸ್ಪಷ್ಟವಾಗಿ ಕಾಣುತ್ತದೆ. ನಿಜವಾದ ಕಲಿಕೆ ಅದೇ. ಇನ್ನು 4.49, 4.50 ಎಂದು ತಲೆಯಳತೆ ನೋಡಿ ಪೆಲೆಟ್ ಆರಿಸುವುದು ಸಾಲು ಸಾಲಾಗಿ ಹತ್ತು ಹೊಡೆಯಲು ಬಂದವರ ಕೆಲಸ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಅರ್ಹತಾ ಸುತ್ತಿನಲ್ಲಿ ರಮಿತಾ ಜಿಂದಾಲ್ 631.5 ಗಳಿಸಿ ಐದನೆಯವರಾಗಿ ಫೈನಲ್ ಸೇರಿದರು, 630.7 ಗಳಿಸಿದ ಇಳವೇನಿಲ್ ವಾಲರಿವನ್ ಹತ್ತನೆಯವರಾಗಿ ಹೊರಗುಳಿದರು. ಆ ಎತ್ತರದಲ್ಲಿ ಪೆಲೆಟ್‌ಗೆ ಬೆಲೆಯಿದೆ. 550 ಹೊಡೆಯುವ ಹುಡುಗನಿಗೆ ಇಲ್ಲ.

ಒಂದು ವರ್ಷ ಕಳೆದು, ಆಸಕ್ತಿ ಗಟ್ಟಿಯಾಗಿ, ಕ್ಲಬ್ಬಿನ ರೈಫಲ್ ಬಿಡುವು ಸಿಗದೆ ಅಭ್ಯಾಸ ಕುಂಟುತ್ತಿದ್ದರೆ ಆಗ ರೈಫಲ್ ಮಾತು. ಸೆಕೆಂಡ್ ಹ್ಯಾಂಡ್ ಒಳ್ಳೆಯ ಆಯ್ಕೆ. ನೋಡಬೇಕಾದ್ದು ಮರದ ಹೊಳಪನ್ನಲ್ಲ, ಗಾಳಿ ತುಂಬುವ ಸಿಲಿಂಡರ್ ಮೇಲೆ ಕೆತ್ತಿದ ತಾರೀಖನ್ನು. ಸುಮಾರು 200 ಬಾರ್ ಒತ್ತಡ ತಡೆಯುವ ಆ ಕೊಳವೆಗೆ ತಯಾರಕರು ಹೇಳುವ ಆಯಸ್ಸು ಸಾಮಾನ್ಯವಾಗಿ ಹತ್ತು ವರ್ಷ. ಅವಧಿ ಮುಗಿದದ್ದನ್ನು ಸ್ಪರ್ಧೆಗೆ ಒಯ್ಯುವಂತಿಲ್ಲ, ಬಳಸುವುದೂ ಅಪಾಯ. ಬೇರೆಲ್ಲ ಚೆನ್ನಾಗಿದ್ದು ಸಿಲಿಂಡರ್ ಮಾತ್ರ ಹಳೆಯದಾಗಿದ್ದರೆ ಹೊಸದರ ಬೆಲೆ ಕಳೆದು ಚೌಕಾಸಿ ಮಾಡಿ. ಗಾಳಿ ತುಂಬಿಸಿ ರಾತ್ರಿಯಿಡೀ ಇಟ್ಟು ಬೆಳಿಗ್ಗೆ ಮೀಟರ್ ನೋಡಿ. ಮುಳ್ಳು ಇಳಿದಿದ್ದರೆ ಸೀಲ್ ಸೋರುತ್ತಿದೆ. ಅದು ಸಣ್ಣ ಖರ್ಚು, ಹೆದರಬೇಕಿಲ್ಲ.

ಇನ್ನೂ ಕಡಿಮೆಯಲ್ಲಿ ಶುರು ಮಾಡಬೇಕೆಂದರೆ ಪ್ರಿಸಿಹೋಲ್‌ನಂಥ ದೇಶೀ ಕಂಪನಿಗಳ ಏರ್ ರೈಫಲ್‌ಗಳಿವೆ. ನಮ್ಮ ದೇಶೀ ನಿಯಮದ ಸ್ಪರ್ಧೆಗಳಲ್ಲಿ ಓಪನ್ ಸೈಟ್ ವಿಭಾಗವೂ ಉಂಟು, ಸಣ್ಣ ತೂತಿನ ಮೂಲಕ ಗುರಿ ನೋಡುವ ದುಬಾರಿ ಡಯಾಪ್ಟರ್ ಸೈಟ್ ಇಲ್ಲದವರಿಗೂ ಅಲ್ಲಿ ಜಾಗವಿದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿ.ಮೀ. ಒಳಗಿನ, 20 ಜೂಲ್ ಶಕ್ತಿ ಮೀರದ ಏರ್ ರೈಫಲ್‌ಗೆ ಲೈಸೆನ್ಸ್ ಬೇಕಿಲ್ಲ. ಅಂಗಡಿಯಲ್ಲಿ ಗುರುತಿನ, ವಿಳಾಸದ ದಾಖಲೆ ಕೊಡಬೇಕು. ಲೈಸೆನ್ಸ್ ಬೇಡ ಎಂದಮಾತ್ರಕ್ಕೆ ಆಟಿಕೆ ಅಂದುಕೊಳ್ಳಬೇಡಿ: ಮನೆಯಲ್ಲಿ ಬೀಗ ಹಾಕಿಯೇ ಇಡಬೇಕು.

ಇದು ಸಿರಿವಂತರ ಆಟ ಎಂಬ ಮಾತಿಗೆ ಕಾರಣವಿಲ್ಲದೆ ಇಲ್ಲ. 2008ರಲ್ಲಿ ಬೀಜಿಂಗ್‌ನಲ್ಲಿ ಚಿನ್ನ ಗೆದ್ದ ಅಭಿನವ್ ಬಿಂದ್ರಾ ಅವರಿಗೆ ಮನೆಯಲ್ಲೇ ರೇಂಜ್ ಇತ್ತು. ಆದರೆ ಆಮೇಲೆ ಆಟ ಹರಡಿದೆ. ಬೆಂಗಳೂರಿನ ತಿಲೋತ್ತಮಾ ಸೇನ್ 2023ರ ಕೈರೋ ವಿಶ್ವಕಪ್‌ನಲ್ಲಿ ಕಂಚು ಗೆದ್ದಾಗ ಅವರಿಗೆ 14 ವರ್ಷ. ಗಾಲಿಕುರ್ಚಿಯಲ್ಲಿ ಕುಳಿತು ಗುರಿಯಿಡುವ ಅವನಿ ಲೇಖರಾ ಟೋಕಿಯೋ, ಪ್ಯಾರಿಸ್ ಎರಡೂ ಪ್ಯಾರಾಲಿಂಪಿಕ್ಸ್‌ನಲ್ಲಿ ಏರ್ ರೈಫಲ್ ಚಿನ್ನ ತಂದರು. ಇವರನ್ನು ನೋಡಿ ಇಂದು ರೇಂಜಿನ ಬಾಗಿಲಿಗೆ ಬರುವ ಮಕ್ಕಳನ್ನು ಬೆಲೆಪಟ್ಟಿ ತೋರಿಸಿ ವಾಪಸ್ ಕಳಿಸುವುದು ಅನ್ಯಾಯ.

ಅವರನ್ನು ಉಳಿಸಿಕೊಳ್ಳುವ ಹೊಣೆ ಹಳಬರದು. ಹೊಸಬರ ಎದುರು ಬ್ರ್ಯಾಂಡ್ ಪುರಾಣ ಬಿಚ್ಚಬೇಡಿ. ಮೊದಲ ಜಿಲ್ಲಾ ಅಥವಾ ರಾಜ್ಯ ಸ್ಪರ್ಧೆಯಲ್ಲಿ 530 ಹೊಡೆದು ಬಂದ ಹುಡುಗಿಗೆ ಪಕ್ಕದ ಲೇನಿನ 620 ತೋರಿಸಬೇಡಿ. ಅವಳದೇ ಆರು ಸರಣಿ ಬಿಡಿಸಿ ತೋರಿಸಿ: ಮೊದಲ ಹತ್ತು ಗುಂಡಿಗೆ 85, ಕೊನೆಯ ಹತ್ತಕ್ಕೆ 92 ಬಂದಿದ್ದರೆ ಅವಳು ಆ ಒಂದು ಗಂಟೆಯಲ್ಲೇ ಹೆದರಿಕೆ ಪಳಗಿಸಿದ್ದಾಳೆ. ತಂದೆತಾಯಿಗೂ ಇದೇ ಮಾತು. ರೈಫಲ್‌ಗೆ ಹಾಕಿದ ದುಡ್ಡನ್ನು ಊಟದ ತಟ್ಟೆಯ ಮುಂದೆ ನೆನಪಿಸುವ ಮನೆಯ ಮಗು ಟ್ರಿಗರ್ ಮೇಲೆ ಬೆರಳಿಟ್ಟಾಗ ಗುರಿಯನ್ನು ನೋಡುವುದಿಲ್ಲ, ನಿಮ್ಮ ಮುಖ ನೋಡುತ್ತಿರುತ್ತದೆ.

ಕ್ಲಬ್‌ಗಳು ಮಾಡಬಹುದಾದ ಇನ್ನೊಂದು ಕೆಲಸಕ್ಕೆ ಖರ್ಚೇ ಇಲ್ಲ. ಹಿರಿಯ ಶೂಟರ್‌ಗಳ ಮನೆಯ ಬೀರುವಿನಲ್ಲಿ ಈಗ ಅಳತೆಗೆ ಬಾರದ ಜಾಕೆಟ್, ಪ್ಯಾಂಟು, ಗ್ಲೌಸ್, ಶೂ ಸುಮ್ಮನೆ ಕೂತಿರುತ್ತವೆ. ಅವನ್ನು ತಂದು ಎದೆಯಳತೆ, ಎತ್ತರ, ಶೂ ನಂಬರ್ ಬರೆದ ಚೀಟಿ ಹೊಲಿದು ಒಂದು ಕಪಾಟಿನಲ್ಲಿ ನೇತುಹಾಕಿ, ಯಾರಿಗೆ ಕೊಟ್ಟಿರಿ ಎಂದು ಬರೆಯಲು ಒಂದು ನೋಟ್‌ಬುಕ್ ಇಡಿ. ಬೇಸಿಗೆ ಶಿಬಿರ ಶುರುವಾಗುವ ಮೊದಲೇ ಆ ಕಪಾಟು ತುಂಬಿದ್ದರೆ ಒಳ್ಳೆಯದು.