ಚಾದ ಸೀಮೆಯಲ್ಲಿ ಫ್ರೆಂಚ್ ಪ್ರೆಸ್

ಬಸವನ ಬಾಗೇವಾಡಿಯ ಬಸ್‌ಸ್ಟ್ಯಾಂಡ್ ಎದುರು ನಸುಕಿನಲ್ಲೇ ಸ್ಟೋವಿನ ಭರ್ರೋ ಸದ್ದು ಏಳುತ್ತದೆ. ಬೋಗಾಣಿಯಲ್ಲಿ ಹಾಲು, ಸಕ್ಕರೆ, ಚಾಪುಡಿ, ಜಜ್ಜಿದ ಶುಂಠಿ ಎಲ್ಲವೂ ಕೂಡಿ ಉಕ್ಕುತ್ತವೆ, ಇಳಿಯುತ್ತವೆ, ಮತ್ತೆ ಉಕ್ಕುತ್ತವೆ. ಇಂಡಿ ಪಟ್ಟಣದ ಮಾರ್ಕೆಟ್ಟಿಗೆ ಲಿಂಬೆ ಚೀಲ ಇಳಿಸಿದವರ ಕೈಯಲ್ಲೂ ಇದೇ ಕಡಕ್ ಚಾ, ಮುದ್ದೇಬಿಹಾಳದ ಸಂತೆಗೆ ಬಂದವರ ಕೈಯಲ್ಲೂ ಇದೇ. ಸಿಂದಗಿ ಕಡೆಯ ಹಳ್ಳಿಯ ಕಟ್ಟೆಯ ಮೇಲೆ ಹಿರಿಯರು ಅದನ್ನು ಬಸಿಗೆ ಸುರಿದು, ಊದಿ, ಸುರ್ರೆಂದು ಎಳೆಯುತ್ತಾರೆ. ಮನೆಗೆ ಬಂದವರನ್ನು "ಚಾ ಕುಡದ ಹೋಗ್ರಿ" ಎನ್ನದೆ ಕಳಿಸುವ ರೂಢಿ ಇಲ್ಲಿಲ್ಲ. ಯಾರಾದರೂ ಕಾಫಿ ಕೇಳಿದರೆ ಡಬ್ಬಿಯ ಮೂಲೆಯಿಂದ ಸಣ್ಣ ಪಾಕೀಟು ಹೊರಬರುತ್ತದೆ. ಬಿಸಿ ಹಾಲಿಗೆ ಅದನ್ನು ಕಲಸಿದರೆ ಕಾಫಿ ಆಯಿತು.

ಆದರೆ ಕಾಫಿ ಈ ನೆಲಕ್ಕೆ ದೂರದ್ದೇನಲ್ಲ. ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ನಮ್ಮ ರಾಜ್ಯದಲ್ಲೇ ಬೆಳೆಯುತ್ತದೆ. ಮಳೆ ಕೈಕೊಟ್ಟ ವರ್ಷ ಉತ್ತರ ಕರ್ನಾಟಕದ ತಾಂಡಾಗಳಿಂದ, ಹಳ್ಳಿಗಳಿಂದ ದುಡಿಯಲು ಹೋದವರು ಮಲೆನಾಡಿನ ತೋಟಗಳಲ್ಲಿ ಕಾಫಿ ಹಣ್ಣು ಕೊಯ್ದಿದ್ದಾರೆ. ನವೆಂಬರಿನಿಂದ ಅರೇಬಿಕಾ, ಸಂಕ್ರಾಂತಿಯ ಆಸುಪಾಸಿನಿಂದ ರೋಬಸ್ಟಾ. ಹಣ್ಣು ಬಿಡಿಸಿ ಬೆರಳು ಕಪ್ಪಾದವರ ಮನೆಗೆ ಆ ಬೀಜದ ನಿಜವಾದ ಪರಿಮಳ ಬಂದಿಲ್ಲ ಎನ್ನುವುದು ನನಗೆ ಸಂಕಟದ ಸಂಗತಿ.

ಆ ಪರಿಮಳವನ್ನು ಮನೆಗೆ ತರುವ ಸುಲಭದ ದಾರಿ ಫ್ರೆಂಚ್ ಪ್ರೆಸ್. ಒಂದು ಗಾಜಿನ ಪಾತ್ರೆ, ಮೇಲೊಂದು ಮುಚ್ಚಳ, ಅದರ ನಡುವೆ ಇಳಿಬಿಟ್ಟ ಕಡ್ಡಿ, ಕಡ್ಡಿಯ ತುದಿಗೆ ತಂತಿಯ ಜಾಳಿಗೆ, ಇಷ್ಟೇ. ಪ್ಯಾರಿಸ್ಸಿನಲ್ಲಿ ಮೇಯರ್ ಮತ್ತು ದೆಲ್ಫೋರ್ಜ್ ಎಂಬವರು ಇಂಥದೊಂದು ಸಾಧನಕ್ಕೆ 1852ರಲ್ಲಿ ಪೇಟೆಂಟ್ ಪಡೆದರು. ಇಂದಿನ ರೂಪಕ್ಕೆ ಹತ್ತಿರವಾದದ್ದಕ್ಕೆ 1929ರಲ್ಲಿ ಇಟಲಿಯ ಅತ್ತಿಲಿಯೊ ಕಲಿಮಾನಿ ಪಡೆದ. ಕರೆಂಟ್ ಬೇಡ, ಸೋಸುವ ಕಾಗದ ಬೇಡ. ಲೋಡ್‌ಶೆಡ್ಡಿಂಗ್ ಕಂಡ ಊರಿಗೆ ಇದಕ್ಕಿಂತ ಹೊಂದುವ ಸಾಧನ ಇನ್ನೊಂದಿಲ್ಲ. ಪುಡಿ ಬಿಸಿನೀರಿನಲ್ಲಿ ನೆನೆದು ಸತ್ವ ಬಿಡುವ ರೀತಿ ಚಾ ಮಾಡುವ ಕೈಗೆ ಹೊಸತೂ ಅಲ್ಲ. ಕುದಿಸಬಾರದು ಎನ್ನುವುದಷ್ಟೇ ಕಲಿಯಬೇಕಾದ ಪಾಠ.

ಪುಡಿ ಹೇಗಿರಬೇಕು? ಜೋಳದ ನುಚ್ಚಿನಂತೆ, ಕೈಗೆ ತರಿತರಿಯಾಗಿ. ಫಿಲ್ಟರಿಗೆಂದು ನುಣ್ಣಗೆ ಬೀಸಿದ ಪುಡಿ ಜಾಳಿಗೆಯಿಂದ ನುಸುಳಿ ಕಪ್ಪಿನ ತಳದಲ್ಲಿ ಕೆಸರಾಗುತ್ತದೆ. ಚಿಕೋರಿ ಬೆರೆತಿದ್ದರಂತೂ ಬೀಜದ ಸ್ವಂತ ರುಚಿ ಅದರಡಿ ಮುಚ್ಚಿಹೋಗುತ್ತದೆ. ಅಂಗಡಿಯಲ್ಲಿ "ಚಿಕೋರಿ ಬ್ಯಾಡ್ರಿ, ದಪ್ಪಗ ಬೀಸ್ರಿ" ಎಂದು ಬಾಯಿಬಿಟ್ಟು ಕೇಳಬೇಕು.

ಎರಡು ದೊಡ್ಡ ಕಪ್ಪಿಗೆ 30 ಗ್ರಾಂ ಪುಡಿ, 450 ಮಿಲಿಲೀಟರ್ ನೀರು. ನೀರು ಕುದ್ದ ಮೇಲೆ ಅರ್ಧ ನಿಮಿಷ ಬಿಡಿ. ಸಮುದ್ರಮಟ್ಟಕ್ಕಿಂತ ಸುಮಾರು 600 ಮೀಟರ್ ಎತ್ತರದ ಈ ಬಯಲಿನಲ್ಲಿ ನೀರು 98 ಡಿಗ್ರಿಗೇ ಕುದಿಯುತ್ತದೆ, ಹಾಗಾಗಿ ಬಹಳ ಆರಿಸಬೇಕಿಲ್ಲ. ಮೊದಲು ಪುಡಿ ನೆನೆಯುವಷ್ಟು ನೀರು ಹೊಯ್ಯಿರಿ. ಹೊಸದಾಗಿ ಹುರಿದ ಬೀಜವಾದರೆ ಪುಡಿ ಉಬ್ಬಿ, ಕಂದು ನೊರೆ ಮೇಲೇಳುತ್ತದೆ. ಹುರಿಯುವಾಗ ಬೀಜದೊಳಗೆ ಸೇರಿದ ಅನಿಲ ಹೊರಬೀಳುವ ಹೊತ್ತು ಅದು. ಮನೆಯೆಲ್ಲ ಘಮ್ಮೆನ್ನುವುದೂ ಆಗಲೇ. ಅಡುಗೆಮನೆಯ ಒಗ್ಗರಣೆ ವಾಸನೆಯನ್ನೂ ದಾಟಿ ಅದು ಪಡಸಾಲೆಗೆ ಬರುತ್ತದೆ. ಉಳಿದ ನೀರು ಹೊಯ್ದು, ಒಮ್ಮೆ ತಿರುವಿ, ಮುಚ್ಚಳ ಇಟ್ಟು ನಾಲ್ಕು ನಿಮಿಷ ಕಾಯಬೇಕು. ಆಮೇಲೆ ಕಡ್ಡಿಯನ್ನು ನಿಧಾನವಾಗಿ ಒತ್ತಬೇಕು. ಅವಸರ ಮಾಡಿದರೆ ಬಿಸಿನೀರು ಕೈಗೆ ಸಿಡಿಯುತ್ತದೆ. ಒತ್ತಿದ ಕೂಡಲೇ ಕಪ್ಪಿಗೆ ಬಗ್ಗಿಸಿ; ಪುಡಿಯ ಮೇಲೇ ನಿಂತರೆ ಕಹಿಯಾಗುತ್ತದೆ.

ಇಷ್ಟಾದರೂ ರುಚಿ ಬರಲಿಲ್ಲವೆಂದರೆ ನೀರನ್ನು ನೋಡಬೇಕು. ಡೋಣಿ ಹೊಳೆಯ ಸಾಲಿನ ಎರೆನೆಲದಲ್ಲಿ ಬಾವಿ, ಬೋರುಗಳ ನೀರು ಹಲವೆಡೆ ಸವಳು. ಅದರಲ್ಲಿರುವ ಸುಣ್ಣದ ಸತ್ವ ಕಾಫಿಯ ಹುಳಿಯನ್ನು ಕೊಂದು, ರುಚಿಯನ್ನು ಸಪ್ಪೆ ಮಾಡುತ್ತದೆ. ಎಷ್ಟು ಬೆಲೆಯ ಬೀಜ ತಂದರೂ ಬೋರಿನ ಸವಳು ನೀರಿನಲ್ಲಿ ಅದು ಸೋಲುತ್ತದೆ. ಕೃಷ್ಣೆಯದೋ ಭೀಮೆಯದೋ ಸಿಹಿನೀರು ನಳಕ್ಕೆ ಬರುವಲ್ಲಿ ಅದನ್ನೇ ಕಾಯಿಸಿ. ಇಲ್ಲವಾದರೆ ಊರಿನ ಶುದ್ಧ ನೀರಿನ ಘಟಕದ ಕ್ಯಾನಿನ ನೀರು ಸಾಕು.

ಹಾಲು ಬೆರೆಸುವವರು ಪುಡಿ ತುಸು ಹೆಚ್ಚಿಸಬೇಕು, ಏಕೆಂದರೆ ಫ್ರೆಂಚ್ ಪ್ರೆಸ್ಸಿನ ಡಿಕಾಕ್ಷನ್ ಹಿತ್ತಾಳೆ ಫಿಲ್ಟರಿನದಷ್ಟು ಗಟ್ಟಿಯಲ್ಲ. ಎಮ್ಮೆಯ ಗಟ್ಟಿ ಹಾಲು ಸ್ವಲ್ಪವೇ ಹಾಕಿದರೂ ಬಣ್ಣ ಚೆಂದ ಬರುತ್ತದೆ. ಆದರೂ ನನ್ನ ಮಾತೆಂದರೆ, ಮೊದಲ ನಾಲ್ಕು ಗುಟುಕನ್ನು ಹಾಲಿಲ್ಲದೆ, ಬೇಕಿದ್ದರೆ ಚೂರು ಬೆಲ್ಲ ಕಚ್ಚಿಕೊಂಡು ಕುಡಿದು ನೋಡಿ. ಸೂಸಲಾ, ಮಿರ್ಚಿ ಭಜಿ ತಿಂದ ಬಾಯಿಗೆ ಅದರ ಒಗರು ಬಹಳ ಹಿತ.

ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಒಲೆಯನ್ನೇ ಹಚ್ಚಬೇಕಿಲ್ಲ. ಅದೇ ಪಾತ್ರೆಯಲ್ಲಿ ಪುಡಿಯ ಮೇಲೆ ತಣ್ಣೀರು ಹೊಯ್ದು ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟು, ಬೆಳಗ್ಗೆ ಒತ್ತಿದರೆ ಕಹಿ ಕಡಿಮೆಯಿರುವ ತಂಪು ಕಾಫಿ ಸಿಗುತ್ತದೆ. ಅದಕ್ಕೆ ಸಕ್ಕರೆ ಕರಗಿಸಿ, ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಪಡೆದ ಇಂಡಿ ಲಿಂಬೆಯ ಹನಿ ಹಿಂಡಿದರೆ ಬಿಸಿಲಿಗೆ ಒಳ್ಳೆಯ ಪಾನಕವೇ ಆಗುತ್ತದೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ತಂತಿಯ ಜಾಳಿಗೆ ಬೀಜದ ಎಣ್ಣೆಯನ್ನು ತಡೆಯುವುದಿಲ್ಲ. ಬಾಯಿಗೆ ಹತ್ತುವ ಮೈದುಂಬಿದ ರುಚಿ ಆ ಎಣ್ಣೆಯದೇ. ಆದರೆ ಅದರಲ್ಲಿರುವ ಕೆಫೆಸ್ಟಾಲ್ ಕೊಲೆಸ್ಟರಾಲ್ ಏರಿಸುತ್ತದೆ. ಆ ತೊಂದರೆ ಇರುವ ಹಿರಿಯರು ಇದನ್ನು ದಿನವೂ ಕುಡಿಯದಿರುವುದು ಮೇಲು. ಬಳಸಿದ ಮೇಲೆ ಜಾಳಿಗೆಯನ್ನು ಬಿಚ್ಚಿ ತೊಳೆಯಿರಿ, ಹಳೆ ಎಣ್ಣೆ ಉಳಿದರೆ ಮರುದಿನದ ಕಾಫಿ ಕಮಟು ಹೊಡೆಯುತ್ತದೆ.

ಚಾ ಬಿಡಿ ಎಂದು ನಾನು ಹೇಳುವುದಿಲ್ಲ. ಚಿಕ್ಕಮಗಳೂರಿನಿಂದಲೋ ಹಾಸನದಿಂದಲೋ ನಿಮ್ಮವರು ಊರಿಗೆ ಬರುವವರಿದ್ದರೆ, ಹೊಸದಾಗಿ ಹುರಿದ ಕಾಲು ಕಿಲೋ ಕಾಫಿಯನ್ನು ದಪ್ಪಗೆ ಬೀಸಿಸಿ ತರಹೇಳಿ. ಮೊದಲ ಕಪ್ಪನ್ನು ತೋಟದಲ್ಲಿ ದುಡಿದು ಬಂದವರಿಗೆ ಕೊಡಿ.